ಸ್ಫಟಿಕರಚನೆಯ ಪರಿಷ್ಕರಣ: ಕಿಟಕಿಯ ಮೂಲಕ ಮತ್ತು ಆದೇಶದ ಸಾಲಿನ ಮೂಲಕ

ಸ್ಫಟಿಕವೊಂದರ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿ, ಅವು ವಿವರ್ತನೆಗೊಂಡು ಹೊರಡುವ ದಿಕ್ಕುಗಳನ್ನೂ ಆಯಾ ದಿಕ್ಕಿನ ತೀವ್ರತೆಗಳನ್ನೂ ಅಳೆದು, ಆ ಅಳತೆಗಳಿಂದ ಅಣುವಿನಲ್ಲಿರುವ ಪರಮಾಣುಗಳ ಸ್ಥಾನಗಳನ್ನು ಗೊತ್ತುಮಾಡುವ ವಿಧಾನವು ರಸಾಯನಶಾಸ್ತ್ರಜ್ಞನಿಗೆ ದೊರೆತಿರುವ ಸಾಧನಗಳಲ್ಲಿ ಅತ್ಯಂತ ನಿರ್ಣಾಯಕವಾದುದೆಂಬುದು ಸರ್ವವಿದಿತ. ಹಿಂದೆ ಒಂದೊಂದು ರಚನೆಗೆ ತಿಂಗಳುಗಳು, ಕೆಲವಕ್ಕೆ ವರ್ಷಗಳೇ ಹಿಡಿಯುತ್ತಿದ್ದವು. ಈಗ ಅಳತೆಯು ಕೆಲವು ಗಂಟೆಗಳಲ್ಲಿಯೂ ಗಣನೆಯು ಕೆಲವು ನಿಮಿಷಗಳಲ್ಲಿಯೂ ಮುಗಿಯುವುದುಂಟು. ಈ ಸೌಕರ್ಯದೊಡನೆ ಒಂದು ರೂಢಿಯೂ ಬೆಳೆದುಬಂದಿದೆ. ಸಂಶೋಧನ ವಿದ್ಯಾರ್ಥಿಯು ತಾನು ತಯಾರಿಸಿದ ಸ್ಫಟಿಕವನ್ನು ಉಪಕರಣವುಳ್ಳ ಬೇರೊಂದು ಸಂಸ್ಥೆಗೆ ಕಳುಹಿಸುತ್ತಾನೆ. ಅಲ್ಲಿಂದ ಕಡತಗಳ ಒಂದು ಕಟ್ಟು ಬರುತ್ತದೆ. ಅದರೊಳಗಿನ ಚಿತ್ರವನ್ನು ಪ್ರಬಂಧಕ್ಕೆ ಸೇರಿಸಿಕೊಂಡು ಉಳಿದ ಕಡತಗಳನ್ನು ತೆರೆದೂ ನೋಡದೆ ಇಟ್ಟುಬಿಡುತ್ತಾನೆ. ಮೌಖಿಕ ಪರೀಕ್ಷೆಯಲ್ಲಿ ‘ಈ ಪರಮಾಣು ಸಾರಜನಕವಲ್ಲ, ಆಮ್ಲಜನಕವೇ ಎಂದು ಹೇಗೆ ಬಲ್ಲಿರಿ?’ ಎಂದು ಕೇಳಿದರೆ ‘ಚಿತ್ರದಲ್ಲಿ ಹಾಗೆ ಬಂದಿದೆ’ ಎಂಬುದೇ ಉತ್ತರವಾಗುತ್ತದೆ.

ಆದರೆ ಆ ಚಿತ್ರವು ಪ್ರಯೋಗದ ನೇರವಾದ ಫಲವಲ್ಲ. ಅದು ಯಾರೋ ಒಬ್ಬರು ಊಹಿಸಿ ಬರೆದ ಒಂದು ಮಾದರಿ. ಅಳತೆಗಳೊಡನೆ ಅದು ಎಷ್ಟರಮಟ್ಟಿಗೆ ಹೊಂದುವುದೆಂಬುದನ್ನು ಗಣಕಯಂತ್ರವು ಪರೀಕ್ಷಿಸಿದೆ, ಅಷ್ಟೆ. ಮಾದರಿಯನ್ನು ಅಳತೆಗಳಿಗೆ ಹೊಂದಿಸುತ್ತ ಹೋಗುವ ಈ ಕೆಲಸಕ್ಕೆ ಪರಿಷ್ಕರಣವೆಂದು ಹೆಸರು. ಇದಕ್ಕಾಗಿ ಪ್ರಪಂಚದಲ್ಲಿ ಅತ್ಯಂತ ಹೆಚ್ಚಾಗಿ ಬಳಕೆಯಾಗಿರುವ ಪ್ರೋಗ್ರಾಮು ಶೆಲ್ಎಕ್ಸ್ಎಲ್ ಎಂಬುದು. ಇದನ್ನು ನಡೆಸಲು ಎರಡು ದಾರಿಗಳುಂಟು: ಡೆಸ್ಕ್‌ಟಾಪಿನ ಮೇಲೆ ಕಿಟಕಿಯನ್ನು ತೆರೆದು ಗುಂಡಿಗಳನ್ನು ಒತ್ತುವುದು ಒಂದು, ಆದೇಶದ ಸಾಲಿನಲ್ಲಿ, ಅಂದರೆ ಕಮಾಂಡ್ ಲೈನಿನಲ್ಲಿ, ಪ್ರೋಗ್ರಾಮಿನ ಹೆಸರನ್ನೂ ಕಡತದ ಹೆಸರನ್ನೂ ಬರೆದು ನಡೆಸುವುದು ಮತ್ತೊಂದು. ಗಣನೆ ಎರಡರಲ್ಲಿಯೂ ಒಂದೇ. ಹೀಗಿದ್ದರೂ ಹೊಸಬನು ಕೆಲವು ರಚನೆಗಳನ್ನಾದರೂ ಎರಡನೆಯ ದಾರಿಯಲ್ಲಿ ಪರಿಷ್ಕರಿಸಿ ಅನಂತರ ಕಿಟಕಿಗೆ ಹೋಗಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವನ್ನು ಮುಂದೆ ವಿವರಿಸುತ್ತೇವೆ. ಯಂತ್ರಕ್ಕೆ ಕೊಡುವ ಮಾತುಗಳನ್ನೆಲ್ಲ ರೋಮನ್ ಅಕ್ಷರಗಳಲ್ಲಿಯೇ ಬರೆಯತಕ್ಕದ್ದು. ಇಲ್ಲಿ ಅವುಗಳನ್ನು ಉಚ್ಚರಿಸುವಂತೆ ಕನ್ನಡದಲ್ಲಿ ಕೊಟ್ಟಿದೆ.

ಈ ಪ್ರೋಗ್ರಾಮಿನ ಕರ್ತೃ ಜಾರ್ಜ್ ಶೆಲ್ಡ್ರಿಕ್ (1942–2025). ಕೇಂಬ್ರಿಜ್‌ನಲ್ಲಿದ್ದಾಗ ತಮ್ಮ ಸ್ವಂತ ಉಪಯೋಗಕ್ಕೆಂದು ಫೋರ್ಟ್ರಾನ್ ಭಾಷೆಯಲ್ಲಿ ಬರೆಯತೊಡಗಿದ ಶೆಲ್ಎಕ್ಸ್ ಅನ್ನು ಅವರು 1976ರಲ್ಲಿ ಇತರರಿಗೂ ಬಿಡುಗಡೆಮಾಡಿದರು. 1978ರಲ್ಲಿ ಜರ್ಮನಿಯ ಗಟಿಂಗೆನ್ನಿಗೆ ಹೋದ ಮೇಲೆಯೂ ಅದನ್ನು ಬೆಳೆಸುತ್ತಲೇ ಬಂದರು. ಅದರ ಇತಿಹಾಸವನ್ನು ಕುರಿತು ಅವರು 2008ರಲ್ಲಿ ಪ್ರಕಟಿಸಿದ ಲೇಖನವು ವಿಜ್ಞಾನಸಾಹಿತ್ಯದಲ್ಲಿಯೇ ಅತ್ಯಂತ ಹೆಚ್ಚಾಗಿ ಉಲ್ಲೇಖಗೊಂಡ ಲೇಖನಗಳಲ್ಲೊಂದು. ಮೊದಲಿಗೆ ಪ್ರೋಗ್ರಾಮನ್ನೂ ದತ್ತಾಂಶವನ್ನೂ ರಂಧ್ರ ಕೊರೆದ ಕಾರ್ಡುಗಳ ಮೇಲೆ ಯಂತ್ರಕ್ಕೆ ಊಡಿಸಬೇಕಾಗಿದ್ದಿತು. ಕಾರ್ಡಿಗೆ 80 ಕಂಬಗಳು. ಇಂದಿಗೂ ಶೆಲ್ಎಕ್ಸ್ಎಲ್ ಕಡತದಲ್ಲಿ ಒಂದು ಸಾಲು 80 ಅಕ್ಷರಗಳನ್ನು ಮೀರಕೂಡದು. ಮೀರುವುದಾದರೆ ಸಾಲಿನ ಕೊನೆಯಲ್ಲಿ ಸಮಚಿಹ್ನೆಯನ್ನಿಟ್ಟು ಮುಂದಿನ ಸಾಲಿಗೆ ಹೋಗಬೇಕು. ಸೂಚನೆಗಳೆಲ್ಲ ನಾಲ್ಕು ಅಕ್ಷರಗಳೊಳಗಿನ ಮಾತುಗಳಾಗಿರುವುದೂ ಆ ಕಾಲದ ಮಿತವ್ಯಯದ ಗುರುತೇ. ವಿದ್ಯಾರ್ಥಿಗಳು ಇದನ್ನು ಹಳೆಯ ಕಾಲದ ಕಾಟವೆಂದು ಹಳಿಯುವುದನ್ನು ಕೇಳಿದ್ದೇವೆ. ನಮಗಾದರೋ ಅದರಲ್ಲಿ ಒಂದು ಲಾಭ ಕಾಣುತ್ತದೆ: ಇಡೀ ಮಾದರಿಯನ್ನು ಒಂದೆರಡು ಪುಟಗಳಲ್ಲಿ ಕಣ್ಣಿನಿಂದ ಓದಬಹುದು.

ಉದಾಹರಣೆಗೆ ಕಲ್ಲುಸಕ್ಕರೆಯನ್ನು ತೆಗೆದುಕೊಳ್ಳೋಣ. ಅದು ಶುದ್ಧವಾದ ಸುಕ್ರೋಸಿನ ದೊಡ್ಡ ಹರಳುಗಳಲ್ಲದೆ ಮತ್ತೇನೂ ಅಲ್ಲ; ಅದರಿಂದ ಒಂದು ಸಣ್ಣ ಚೂರನ್ನು ಒಡೆದುಕೊಂಡರೆ ಅಳತೆಗೆ ಸಾಕು. ಅಳತೆಯಾದ ಮೇಲೆ ನಮ್ಮ ಕೈಗೆ ಮುಖ್ಯವಾಗಿ ಒಂದು ಕಡತ ಬರುತ್ತದೆ: ಎಚ್‌ಕೆಎಲ್ ಕಡತ. ಇದರ ಪ್ರತಿ ಸಾಲಿನಲ್ಲಿಯೂ ಒಂದು ಪ್ರತಿಫಲನದ ಮೂರು ಸೂಚ್ಯಂಕಗಳು, ಅದರ ತೀವ್ರತೆ ಮತ್ತು ಆ ತೀವ್ರತೆಯ ಪ್ರಮಾಣವಿಚಲನೆ ಇರುತ್ತವೆ. ಸೂಚ್ಯಂಕಗಳಿಗೆ ನಾಲ್ಕು ನಾಲ್ಕು ಕಂಬಗಳು, ತೀವ್ರತೆಗೆ ಎಂಟು, ವಿಚಲನೆಗೆ ಎಂಟು. ಮೂರು ಸೂಚ್ಯಂಕಗಳೂ ಸೊನ್ನೆಯಾದ ಸಾಲು ಬಂದಲ್ಲಿ ದತ್ತಾಂಶ ಮುಗಿಯಿತೆಂದು ಅರ್ಥ. ಸ್ಥಳಗಳು ನಿಯತವಾದುದರಿಂದ ‘ಚೆನ್ನಾಗಿ ಕಾಣಲಿ’ ಎಂದು ಯಾರಾದರೂ ನಡುವಣ ಖಾಲಿ ಜಾಗವನ್ನು ಸರಿಪಡಿಸಿದರೆ ಅಂಕೆಗಳೆಲ್ಲ ಕೆಡುತ್ತವೆ. ಪ್ರಯೋಗವೆಂಬುದು ಇರುವುದು ಈ ಕಡತದಲ್ಲಿ ಮಾತ್ರ.

ಎರಡನೆಯದು ಐಎನ್ಎಸ್ ಕಡತ. ನಮ್ಮ ಹೇಳಿಕೆಗಳೆಲ್ಲ ಇರುವುದು ಇದರಲ್ಲಿ. ‘ಸೆಲ್’ ಎಂಬ ಸಾಲಿನಲ್ಲಿ ಮೊದಲು ಕಿರಣದ ತರಂಗದೂರ (ಮಾಲಿಬ್ಡಿನಮ್ ಆದರೆ 0.71073 ಆಂಗ್‌ಸ್ಟ್ರಾಮ್), ಆಮೇಲೆ ಏಕಕ ಕೋಶದ ಅಳತೆಗಳು: ಸಕ್ಕರೆಗೆ ಸುಮಾರು 10.86, 8.70, 7.76 ಆಂಗ್‌ಸ್ಟ್ರಾಮ್, ಬೀಟಾ ಕೋನ 102.9 ಡಿಗ್ರಿ. ‘ಲ್ಯಾಟ್’ ಎಂಬಲ್ಲಿ −1 ಎಂದು ಬರೆದರೆ ಜಾಲವು ಸರಳವಾದುದು, ಪ್ರತಿಲೋಮಕೇಂದ್ರವಿಲ್ಲದುದು ಎಂದು ಹೇಳಿದಂತಾಯಿತು. ‘ಸಿಮ್’ ಎಂಬಲ್ಲಿ ತಿರುಪು ಅಕ್ಷದ ಸಮ್ಮಿತಿ. ‘ಎಸ್‌ಫ್ಯಾಕ್’ ಎಂಬಲ್ಲಿ ಧಾತುಗಳ ಹೆಸರುಗಳು. ‘ಯೂನಿಟ್’ ಎಂಬಲ್ಲಿ ಕೋಶದೊಳಗೆ ಅವುಗಳ ಸಂಖ್ಯೆ. ಸಕ್ಕರೆಯ ಕೋಶದಲ್ಲಿ ಎರಡು ಅಣುಗಳಿರುವುದರಿಂದ ಇಂಗಾಲ 24, ಜಲಜನಕ 44, ಆಮ್ಲಜನಕ 22. ಇದಾದ ಬಳಿಕ ಪರಮಾಣುಗಳ ಪಟ್ಟಿ. ಪ್ರತಿ ಪರಮಾಣುವಿಗೂ ಒಂದು ಹೆಸರು, ಧಾತುವಿನ ಕ್ರಮಸಂಖ್ಯೆ, ಮೂರು ನಿರ್ದೇಶಾಂಕಗಳು, ಆ ಸ್ಥಾನವು ಎಷ್ಟು ಪಾಲು ತುಂಬಿದೆಯೆಂಬ ಅಂಕೆ, ಕಡೆಗೆ ಕಂಪನವನ್ನು ಸೂಚಿಸುವ ‘ಯು’ ಎಂಬ ಪರಿಮಾಣ. ಪಾಲಿನ ಸ್ಥಳದಲ್ಲಿ 11.00000 ಎಂದಿರುವುದನ್ನು ನೋಡಿ ಹೊಸಬರು ಬೆರಗಾಗುತ್ತಾರೆ. ಹತ್ತನ್ನು ಕೂಡಿಸಿದರೆ ‘ಇದನ್ನು ಬದಲಿಸಬೇಡ’ ಎಂದು ಯಂತ್ರಕ್ಕೆ ಹೇಳಿದಂತೆ. ಉಳಿದ ಒಂದೇ ನಿಜವಾದ ಬೆಲೆ.

ಪರಮಾಣುಗಳ ಈ ಮೊದಲ ಪಟ್ಟಿ ಬರುವುದು ಸಾಮಾನ್ಯವಾಗಿ ಶೆಲ್ಎಕ್ಸ್‌ಟಿ ಎಂಬ ಸೋದರ ಪ್ರೋಗ್ರಾಮಿನಿಂದ. ಶೆಲ್ಡ್ರಿಕ್ಕರು 2015ರಲ್ಲಿ ವಿವರಿಸಿದ ಇದು ಸ್ಪೇಸ್ ಗ್ರೂಪನ್ನೂ ಪರಮಾಣುಗಳನ್ನೂ ಒಟ್ಟಿಗೆ ಊಹಿಸಿಕೊಡುತ್ತದೆ. ಬಹುಮಟ್ಟಿಗೆ ಅದರ ಊಹೆ ಸರಿಯಾಗಿರುತ್ತದೆ. ಆದರೂ ಅದು ಊಹೆಯೇ.

ಇನ್ನು ನಡೆಸುವ ಬಗೆ. ಎರಡು ಕಡತಗಳಿಗೂ ಒಂದೇ ಹೆಸರಿರಬೇಕು, ‘ಶುಗರ್’ ಎಂದಿಟ್ಟುಕೊಳ್ಳೋಣ. ಎರಡೂ ಒಂದೇ ಫೋಲ್ಡರಿನಲ್ಲಿರಬೇಕು. ಹೆಸರಿನ ನಡುವೆ ಖಾಲಿ ಜಾಗ ಬಿಡದಿರುವುದು ಒಳ್ಳೆಯದು. ಪ್ರೋಗ್ರಾಮು ಇರುವ ಫೋಲ್ಡರನ್ನು ಯಂತ್ರದ ‘ಪಾತ್’ ಪಟ್ಟಿಗೆ ಒಮ್ಮೆ ಸೇರಿಸಿಟ್ಟರೆ ಎಲ್ಲಿಂದ ಕರೆದರೂ ಓಗೊಡುತ್ತದೆ. ವಿಂಡೋಸಿನಲ್ಲಿ ಕೆಲವರು ಪ್ರೋಗ್ರಾಮಿನ ಚಿಹ್ನೆಯನ್ನೇ ಎರಡು ಸಲ ಒತ್ತಿ, ಕರಿಯ ಕಿಟಕಿಯೊಂದು ಮಿಂಚಿ ಮಾಯವಾದುದನ್ನು ಕಂಡು ಪ್ರೋಗ್ರಾಮು ಕೆಟ್ಟಿದೆಯೆಂದು ಭಾವಿಸುತ್ತಾರೆ. ಕಡತದ ಹೆಸರನ್ನು ಹೇಳದುದರಿಂದ ಅದು ಮಾಡುವ ಕೆಲಸವಿಲ್ಲದೆ ಹಿಂದಿರುಗಿರುತ್ತದೆ, ಅಷ್ಟೆ. ಇನ್ನೊಂದು ತೊಡಕು ನೋಟ್‌ಪ್ಯಾಡಿನದು. ಅದು ಕಡತಕ್ಕೆ ‘ಟಿಎಕ್ಸ್‌ಟಿ’ ಎಂಬ ಬಾಲವನ್ನು ಗುಟ್ಟಾಗಿ ಅಂಟಿಸಿಬಿಡುವುದುಂಟು. ಆಗ ಕಣ್ಣಿಗೆ ಕಾಣುವ ಕಡತವು ಪ್ರೋಗ್ರಾಮಿಗೆ ಕಾಣುವುದಿಲ್ಲ. ಆದುದರಿಂದ ಹೆಸರಿನ ಬಾಲಗಳನ್ನು ಮರೆಮಾಡದೆ ತೋರಿಸುವಂತೆ ಯಂತ್ರವನ್ನು ಮೊದಲೇ ಅಣಿಮಾಡಿಕೊಳ್ಳಬೇಕು. ಇಷ್ಟಾದ ಮೇಲೆ ಆ ಫೋಲ್ಡರಿಗೆ ಹೋಗಿ ‘ಶೆಲ್ಎಕ್ಸ್ಎಲ್ ಶುಗರ್’ ಎಂಬ ಎರಡು ಮಾತುಗಳನ್ನು ಬರೆದು ಎಂಟರ್ ಒತ್ತಿದರೆ ಸಾಕು.

ಪರದೆಯ ಮೇಲೆ ಆವೃತ್ತಿ ಆವೃತ್ತಿಗೂ ಅಂಕೆಗಳು ಇಳಿಯತೊಡಗುತ್ತವೆ. ಮಾದರಿಯಿಂದ ಗಣಿಸಿದ ತೀವ್ರತೆಗೂ ಅಳೆದ ತೀವ್ರತೆಗೂ ಇರುವ ಅಂತರಗಳನ್ನು ವರ್ಗಮಾಡಿ, ತೂಕ ಹಾಕಿ ಕೂಡಿಸಿ, ಆ ಮೊತ್ತವು ಕನಿಷ್ಠವಾಗುವಂತೆ ಯಂತ್ರವು ನಿರ್ದೇಶಾಂಕಗಳನ್ನೂ ಯು ಬೆಲೆಗಳನ್ನೂ ಸರಿಸುತ್ತದೆ. ಸಕ್ಕರೆಯಲ್ಲಿ ಜಲಜನಕವನ್ನು ಬಿಟ್ಟು 23 ಪರಮಾಣುಗಳು. ಒಂದೊಂದಕ್ಕೂ ಮೂರು ನಿರ್ದೇಶಾಂಕಗಳು ಮತ್ತು ಕಂಪನದ ದೀರ್ಘವೃತ್ತಾಕೃತಿಗೆ ಆರು ಅಂಕೆಗಳು. ಹೀಗೆ ಅವುಗಳಿಂದಲೇ 207 ಅಜ್ಞಾತಗಳು. ಕಡೆಯ ಆವೃತ್ತಿಯಲ್ಲಿ ಸರಿತವು ಪ್ರಮಾಣವಿಚಲನೆಯ ಸಣ್ಣ ಭಾಗಕ್ಕಿಳಿದಿದ್ದರೆ ಪರಿಷ್ಕರಣವು ನೆಲೆಗೊಂಡಿತೆನ್ನಬಹುದು. ಆಗ ಆರ್‌ಇಎಸ್ ಎಂಬ ಹೊಸ ಕಡತ ಹುಟ್ಟುತ್ತದೆ. ಅದು ಪರಿಷ್ಕೃತವಾದ ಐಎನ್ಎಸ್ ಕಡತವೇ. ಅದನ್ನು ನಕಲುಮಾಡಿ ಐಎನ್ಎಸ್ ಎಂದು ಹೆಸರಿಟ್ಟು, ಬೇಕಾದ ಬದಲಾವಣೆ ಮಾಡಿ, ಮತ್ತೆ ನಡೆಸಬೇಕು. ನಕಲಿಗೆ ಮುಂಚೆ ಹಳೆಯದಕ್ಕೆ ಕ್ರಮಸಂಖ್ಯೆ ಹಾಕಿ ಬೇರೆ ಇಡತಕ್ಕದ್ದು, ಏಕೆಂದರೆ ಪ್ರೋಗ್ರಾಮು ಹಿಂದಿನ ಆರ್‌ಇಎಸ್ ಕಡತದ ಮೇಲೆಯೇ ಬರೆಯುತ್ತದೆ. ಯಂತ್ರವು ಸಲಹೆಮಾಡುವ ತೂಕದ ಸೂತ್ರವು ಆರ್‌ಇಎಸ್ ಕಡತದಲ್ಲಿ ‘ಎಂಡ್’ ಎಂಬುದರ ಕೆಳಗೆ ಬಂದಿರುತ್ತದೆ. ಅದನ್ನು ಕೈಯಿಂದ ಮೇಲಕ್ಕೆ ತರಬೇಕು.

ಎಲ್‌ಎಸ್‌ಟಿ ಎಂಬ ಇನ್ನೊಂದು ಕಡತವೂ ಹುಟ್ಟಿರುತ್ತದೆ. ಇದು ಗಣನೆಯ ವಿವರವಾದ ವರದಿ. ನಮ್ಮ ವಿವರಣೆಯ ಮರ್ಮವಿರುವುದು ಇಲ್ಲಿ. ಕಿಟಕಿಯಲ್ಲಿ ಕೆಲಸಮಾಡುವವರಲ್ಲಿ ಇದನ್ನು ತೆರೆದು ಓದುವವರು ವಿರಳ. ಆದೇಶದ ಸಾಲಿನಲ್ಲಿ ಕೆಲಸಮಾಡುವವನಿಗೆ ಇದನ್ನು ಓದದೆ ಗತಿಯಿಲ್ಲ. ಆರಿಸಿದ ಸ್ಪೇಸ್ ಗ್ರೂಪಿನ ಪ್ರಕಾರ ಸೊನ್ನೆಯಾಗಬೇಕಾದ ಪ್ರತಿಫಲನಗಳಲ್ಲಿ ಎಷ್ಟು ಸೊನ್ನೆಯಾಗಿಲ್ಲವೆಂಬುದು ಅದರ ಮೊದಲ ಭಾಗದಲ್ಲಿ ಬರುತ್ತದೆ. ಮುಂದೆ, ಕಂಪನದ ಆಕೃತಿಯು ಅಸಹಜವಾಗಿ ಉದ್ದವಾಗಿದ್ದರೆ ಆ ಪರಮಾಣುವಿನ ಪಕ್ಕದಲ್ಲಿ ‘ಇದನ್ನು ಎರಡಾಗಿ ಒಡೆಯಬಹುದು’ ಎಂಬ ಸೂಚನೆ. ಆಮೇಲೆ, ಮಾದರಿಯೊಡನೆ ಎಲ್ಲಕ್ಕಿಂತ ಹೆಚ್ಚು ಜಗಳವಾಡುವ ಪ್ರತಿಫಲನಗಳ ಪಟ್ಟಿ. ಈ ಪಟ್ಟಿಯಲ್ಲಿ ಅಳೆದ ಬೆಲೆಗಳೆಲ್ಲ ಗಣಿಸಿದವಕ್ಕಿಂತ ದೊಡ್ಡವಾಗಿಯೇ ಇದ್ದರೆ, ಸ್ಫಟಿಕವು ಒಂಟಿಯಲ್ಲ, ಅವಳಿ ಎಂದು ಸಂಶಯಪಡಬೇಕು. ಕಡೆಯಲ್ಲಿ, ಮಾದರಿಯು ವಿವರಿಸದೆ ಬಿಟ್ಟ ಎಲೆಕ್ಟ್ರಾನ್ ಸಾಂದ್ರತೆಯ ಶಿಖರಗಳು, ಅವುಗಳ ಸಮೀಪದ ಪರಮಾಣುಗಳೊಡನೆ.

ಧಾತುವನ್ನು ತಪ್ಪಾಗಿ ಗುರುತಿಸಿದರೆ ವರದಿಯಲ್ಲಿ ಏನಾಗುವುದು? ಕ್ಷ-ಕಿರಣಗಳು ಕಾಣುವುದು ಎಲೆಕ್ಟ್ರಾನುಗಳನ್ನು ಮಾತ್ರ. ಧಾತುವಿನ ಹೆಸರು ಅವಕ್ಕೆ ತಿಳಿಯದು. ಸಕ್ಕರೆಯ ಒಂದು ಆಮ್ಲಜನಕದ ಸ್ಥಾನದಲ್ಲಿ (8 ಎಲೆಕ್ಟ್ರಾನು) ಸಾರಜನಕ (7) ಎಂದು ಬರೆದು ನಡೆಸಿದರೆ ಪ್ರೋಗ್ರಾಮು ಪ್ರತಿಭಟಿಸುವುದಿಲ್ಲ. ಕೊರತೆಯಾದ ಒಂದು ಎಲೆಕ್ಟ್ರಾನನ್ನು ಸರಿದೂಗಿಸಲು ಅದು ಆ ಪರಮಾಣುವಿನ ಯು ಬೆಲೆಯನ್ನು ಕುಗ್ಗಿಸುತ್ತದೆ. ನೆರೆಯ ಪರಮಾಣುಗಳಿಗಿಂತ ಅದು ವಿಚಿತ್ರವಾಗಿ ಸಣ್ಣದಾಗಿ ತೋರುತ್ತದೆ. ಹೆಚ್ಚು ಎಲೆಕ್ಟ್ರಾನಿನ ಧಾತುವನ್ನು ಬರೆದರೆ ಇದಕ್ಕೆ ವಿರುದ್ಧವಾಗಿ ಯು ಉಬ್ಬುತ್ತದೆ. ಆರ್-1 ಎಂಬ ಒಟ್ಟು ಹೊಂದಾಣಿಕೆಯ ಅಂಕೆಯಾದರೋ ಸ್ವಲ್ಪ ಮಾತ್ರ ಏರುತ್ತದೆ. ಆರ್-1 ಒಂದನ್ನೇ ನೋಡುವವನಿಗೆ ತಪ್ಪು ಗೋಚರಿಸುವುದೇ ಇಲ್ಲ. ಈ ಪ್ರಯೋಗಕ್ಕೆ ಒಂದು ನಿಮಿಷವೂ ಹಿಡಿಯದು. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆ ಮಾಡಿನೋಡಬೇಕು.

ಇದು ಕೇವಲ ಕಲಿಯುವವರ ಮಟ್ಟದ ಅಪಾಯವಲ್ಲ. 1983ರಲ್ಲಿ ಜರ್ಮನಿಯ ಪ್ರತಿಷ್ಠಿತ ಪತ್ರಿಕೆಯೊಂದರಲ್ಲಿ, ಆರು ಫ್ಲೋರೀನುಗಳಿಂದ ಸುತ್ತುವರಿದ ಕ್ಲೋರೀನಿನ ಧನಾಯಾನನ್ನೂ ನಾಲ್ಕು ಫ್ಲೋರೀನುಗಳುಳ್ಳ ತಾಮ್ರದ ಋಣಾಯಾನನ್ನೂ ಒಳಗೊಂಡ ಅಪೂರ್ವ ಸಂಯುಕ್ತವೊಂದರ ರಚನೆ ಪ್ರಕಟವಾಯಿತು. ಅದು ವಾಸ್ತವದಲ್ಲಿ ನಾಲ್ಕು ನೀರಿನ ಅಣುಗಳೊಡಗೂಡಿದ ತಾಮ್ರದ ಸಾಧಾರಣ ಹೆಕ್ಸಫ್ಲೋರೊಸಿಲಿಕೇಟು ಎಂದು ಆಮೇಲೆ ತಿಳಿಯಿತು. ಸಿಲಿಕಾನು (14 ಎಲೆಕ್ಟ್ರಾನು) ಕ್ಲೋರೀನಾಗಿ (17) ತೋರಿದ್ದಿತು. ನೀರಿನ ಆಮ್ಲಜನಕವು (8) ಫ್ಲೋರೀನಾಗಿ (9) ತೋರಿದ್ದಿತು. ಜಲಜನಕಗಳಂತೂ ಕಣ್ಣಿಗೇ ಬಿದ್ದಿರಲಿಲ್ಲ. ಬರೆದವರು ಪಳಗಿದ ವಿದ್ವಾಂಸರೇ. ಪರಮಾಣುಗಳು ಇರುವ ಸ್ಥಾನಗಳೆಲ್ಲ ಸರಿಯಾಗಿದ್ದವು, ಅವುಗಳ ಹೆಸರುಗಳು ಮಾತ್ರ ತಪ್ಪು.

ಆದೇಶದ ಸಾಲಿನ ದೊಡ್ಡ ಉಪಯೋಗ ಇಂತಹ ಸಂದೇಹಗಳಲ್ಲಿ ಕಂಡುಬರುತ್ತದೆ. ಒಂದೇ ಎಚ್‌ಕೆಎಲ್ ಕಡತಕ್ಕೆ ಎರಡು ಐಎನ್ಎಸ್ ಕಡತಗಳನ್ನು ಬರೆದು, ಒಂದರಲ್ಲಿ ಕ್ಲೋರೀನು, ಮತ್ತೊಂದರಲ್ಲಿ ಸಿಲಿಕಾನು ಎಂದಿಟ್ಟು, ಎರಡನ್ನೂ ನಡೆಸಿ ವರದಿಗಳನ್ನು ಪಕ್ಕಪಕ್ಕದಲ್ಲಿ ಹೋಲಿಸಬಹುದು. ಒಂದೇ ಸ್ಫಟಿಕವನ್ನು ಹತ್ತು ಉಷ್ಣತೆಗಳಲ್ಲಿ ಅಳೆದಿದ್ದರೆ ಹತ್ತನ್ನೂ ಒಂದೇ ಆವರ್ತಕ ಆದೇಶದಿಂದ ಸರದಿಯಾಗಿ ನಡೆಸಬಹುದು. ಕಿಟಕಿಯಲ್ಲಿ ಇದನ್ನು ಹತ್ತು ಸಲ ಮೌಸು ಒತ್ತಿ ಮಾಡಬೇಕಾಗುತ್ತದೆ. ಏಳನೆಯ ಸಲ ಯಾವ ಗುಂಡಿಯನ್ನು ಒತ್ತಿದೆವೆಂಬುದಕ್ಕೆ ದಾಖಲೆ ಉಳಿಯುವುದೆಂಬ ಭರವಸೆಯಿಲ್ಲ.

ಹೀಗೆಂದು ಕಿಟಕಿಗಳನ್ನು ತಿರಸ್ಕರಿಸುವುದು ನಮ್ಮ ಉದ್ದೇಶವಲ್ಲ. ಗ್ಲಾಸ್ಗೋವಿನ ಲೂಯಿ ಫರೂಜಿಯಾ ಅವರ ವಿನ್‌ಜಿಎಕ್ಸ್, ಡರ್‌ಹ್ಯಾಮಿನಲ್ಲಿ ರೂಪುಗೊಂಡು 2009ರಲ್ಲಿ ಪ್ರಕಟವಾದ ಓಲೆಕ್ಸ್2, 2011ರ ಶೆಲ್ಎಕ್ಸ್‌ಎಲ್ಇ, ಇವೆಲ್ಲ ಬಹಳ ಉಪಕಾರಮಾಡಿವೆ. ದ್ರಾವಕದ ಅಣುವೊಂದು ಎರಡು ಭಂಗಿಗಳಲ್ಲಿ ಅಸ್ತವ್ಯಸ್ತವಾಗಿ ಬಿದ್ದಿದ್ದರೆ, ಅದನ್ನು ಅಂಕೆಗಳ ಪಟ್ಟಿಯಿಂದ ಕಲ್ಪಿಸಿಕೊಳ್ಳುವುದು ಪ್ರಯಾಸ. ಪರದೆಯ ಮೇಲೆ ತಿರುಗಿಸಿ ನೋಡಿದೊಡನೆ ವೇದ್ಯವಾಗುತ್ತದೆ. ಜಲಜನಕಗಳನ್ನು ಸೇರಿಸುವುದೂ ಅಲ್ಲಿ ಸುಲಭ. ಆದರೆ ಸುಲಭವಾದುದರಿಂದಲೇ ಎಚ್ಚರ ಬೇಕು. ಸಕ್ಕರೆಯ 22 ಜಲಜನಕಗಳಲ್ಲಿ 14 ಇಂಗಾಲಕ್ಕೆ ಸೇರಿದವು; ಅವುಗಳ ಸ್ಥಾನ ಜ್ಯಾಮಿತಿಯಿಂದಲೇ ನಿರ್ಧಾರವಾಗುತ್ತದೆ. ಉಳಿದ 8 ಹೈಡ್ರಾಕ್ಸಿಲ್ ಗುಂಪುಗಳವು ಬಂಧದ ಸುತ್ತ ತಿರುಗಬಲ್ಲವು. ಅವನ್ನು ಸಾಂದ್ರತೆಯ ನಕ್ಷೆಯಲ್ಲಿ ಹುಡುಕಿ, ಜಲಜನಕಬಂಧಗಳು ಕೂಡಿಬರುತ್ತವೆಯೇ ಎಂದು ನೋಡಬೇಕು. ಒಂದೇ ಗುಂಡಿ ಎರಡು ಬಗೆಯವನ್ನೂ ಒಟ್ಟಿಗೆ ಅಂಟಿಸಿಬಿಡುತ್ತದೆ. ಆಮೇಲೆ ಐಎನ್ಎಸ್ ಕಡತವನ್ನು ತೆರೆದು ‘ಎಫಿಕ್ಸ್’ ಸಾಲುಗಳಲ್ಲಿ ಯಾವ ಅಂಕೆ ಬಂದಿದೆಯೆಂದು ಓದಿದವನಿಗೆ ಮಾತ್ರ ಯಾವುದು ಅಳತೆ, ಯಾವುದು ಊಹೆ ಎಂಬುದು ತಿಳಿಯುತ್ತದೆ.

ಅಣುವಿನ ಎಡಗೈ-ಬಲಗೈ ಭೇದದ ವಿಷಯವೂ ಹೀಗೆಯೇ. ಉಟ್ರೆಕ್ಟಿನಲ್ಲಿ ಬೈಫೂಟ್ ಮತ್ತು ಸಂಗಡಿಗರು 1951ರಲ್ಲಿ ಟಾರ್ಟರೇಟಿನ ನಿರಪೇಕ್ಷ ವಿನ್ಯಾಸವನ್ನು ಮೊದಲ ಬಾರಿಗೆ ಗೊತ್ತುಮಾಡಿದಾಗ, ಅದಕ್ಕೆ ತಕ್ಕ ಕಿರಣವನ್ನೂ ತಕ್ಕ ಭಾರಧಾತುವನ್ನೂ ಆರಿಸಿಕೊಂಡಿದ್ದರು. ಈಗ ಪ್ರೋಗ್ರಾಮು ಫ್ಲಾಕ್ ಪರಿಮಾಣವೆಂಬ ಅಂಕೆಯನ್ನು ಕೇಳದೆಯೇ ಕೊಡುತ್ತದೆ: ಸೊನ್ನೆಗೆ ಹತ್ತಿರವಾದರೆ ಮಾದರಿಯ ಕೈ ಸರಿ, ಒಂದಕ್ಕೆ ಹತ್ತಿರವಾದರೆ ತಿರುವುಮುರುವು. ಇಂಗಾಲ, ಜಲಜನಕ, ಆಮ್ಲಜನಕಗಳು ಮಾತ್ರ ಇರುವ ಸ್ಫಟಿಕವನ್ನು ಮಾಲಿಬ್ಡಿನಮ್ ಕಿರಣದಲ್ಲಿ ಅಳೆದಾಗ ಆ ಅಂಕೆಯ ಪಕ್ಕದಲ್ಲಿ ಆವರಣದಲ್ಲಿರುವ ಅನಿಶ್ಚಿತತೆ ಎಷ್ಟು ದೊಡ್ಡದಾಗಿರುವುದೆಂದರೆ ಅಂಕೆಗೇ ಅರ್ಥವಿರುವುದಿಲ್ಲ. ಸಕ್ಕರೆಯ ವಿನ್ಯಾಸ ಮೊದಲೇ ತಿಳಿದಿರುವುದರಿಂದ ಚಿಂತೆಯಿಲ್ಲ. ಗಿಡದಿಂದ ಹೊಸದಾಗಿ ತೆಗೆದ ಸಂಯುಕ್ತವಾದರೆ, ಅನಿಶ್ಚಿತತೆಯನ್ನು ಓದದೆ ಅಂಕೆಯನ್ನು ನಂಬಿದವನು ಕನ್ನಡಿಯೊಳಗಿನ ಅಣುವನ್ನು ಪ್ರಕಟಿಸಿಬಿಡಬಹುದು. ಅಂತಹ ಸ್ಫಟಿಕಕ್ಕೆ ತಾಮ್ರದ ಕಿರಣವನ್ನು ಬಳಸಬೇಕೆಂದು ಅಳತೆಗೆ ಕಳುಹಿಸುವಾಗಲೇ ಕೇಳಿಕೊಳ್ಳತಕ್ಕದ್ದು.

ಪರಿಷ್ಕರಣ ಮುಗಿದ ಮೇಲೆ ಸಿಐಎಫ್ ಕಡತವನ್ನು ಪರೀಕ್ಷೆಗೆ ಒಡ್ಡಬೇಕು. ಇದಕ್ಕೆ ಉಟ್ರೆಕ್ಟಿನ ಟೋನ್ ಸ್ಪೆಕ್ ಅವರ ಪ್ಲಾಟಾನ್ ಎಂಬ ಪ್ರೋಗ್ರಾಮುಂಟು. ಅದನ್ನು ಕಿಟಕಿಯಲ್ಲಿಯೂ ತೆರೆಯಬಹುದು. ಆದೇಶದ ಸಾಲಿನಲ್ಲಿ ‘ಪ್ಲಾಟಾನ್ -ಯು’ ಎಂದು ಕಡತದ ಹೆಸರಿನೊಡನೆ ಬರೆದರೆ ಎ, ಬಿ, ಸಿ, ಜಿ ಎಂದು ವಿಂಗಡಿಸಿದ ಎಚ್ಚರಿಕೆಗಳ ಪಟ್ಟಿ ದೊರೆಯುತ್ತದೆ. ಅದರ ‘ಆಡ್‌ಸಿಮ್’ ಎಂಬ ವಿಭಾಗವು ಗಮನಕ್ಕೆ ಬಾರದೆ ಉಳಿದ ಸಮ್ಮಿತಿಯನ್ನು ಹುಡುಕುತ್ತದೆ. ಈ ಬಗೆಯ ತಪ್ಪುಗಳನ್ನು ಕ್ಯಾಲ್‌ಟೆಕ್ಕಿನ ರಿಚರ್ಡ್ ಮಾರ್ಷ್ ಅವರು ದಶಕಗಳ ಕಾಲ ತಾಳ್ಮೆಯಿಂದ ಹುಡುಕಿ ತಿದ್ದುತ್ತಿದ್ದರು. ತಪ್ಪು ಹೊರಬಿದ್ದವನನ್ನು ‘ಮಾರ್ಷ್ ಆದ’ ಎಂದು ಹಾಸ್ಯಮಾಡುವುದು ಸ್ಫಟಿಕಶಾಸ್ತ್ರಜ್ಞರಲ್ಲಿ ವಾಡಿಕೆಯಾಗಿತ್ತು. ತಪ್ಪಲ್ಲದ ಮೋಸಕ್ಕೂ ಇದೇ ಪರೀಕ್ಷೆ ಮದ್ದಾಯಿತು. ಅಂತರರಾಷ್ಟ್ರೀಯ ಸ್ಫಟಿಕಶಾಸ್ತ್ರ ಒಕ್ಕೂಟದ ಪತ್ರಿಕೆಯೊಂದು 2010ರ ಆರಂಭದಲ್ಲಿ, ಕಡಮೆಯೆಂದರೆ 70 ರಚನೆಗಳು ಕೃತಕವೆಂದು ಪ್ರಕಟಿಸಿತು. ನಿಜವಾದ ಒಂದು ದತ್ತಾಂಶವನ್ನಿಟ್ಟುಕೊಂಡು, ಒಂದೆರಡು ಪರಮಾಣುಗಳ ಹೆಸರನ್ನು ಮಾತ್ರ ಬದಲಿಸಿ, ಅನೇಕ ‘ಹೊಸ’ ಸಂಯುಕ್ತಗಳನ್ನು ಸೃಷ್ಟಿಸಲಾಗಿತ್ತು. ಪತ್ರಿಕೆಯು ತೀವ್ರತೆಗಳ ಪಟ್ಟಿಯನ್ನೂ ಕೇಳಿ ಇಟ್ಟುಕೊಂಡಿದ್ದುದರಿಂದಲೇ ಅವುಗಳನ್ನು ಒಂದರೊಡನೊಂದು ಹೋಲಿಸಲು ಸಾಧ್ಯವಾಯಿತು.

2013ರ ಆವೃತ್ತಿಯಿಂದ ಈಚೆಗೆ, ‘ಆಕ್ಟಾ’ ಎಂಬ ಸೂಚನೆಯಿದ್ದರೆ ಶೆಲ್ಎಕ್ಸ್ಎಲ್ ತನ್ನ ಸಿಐಎಫ್ ಕಡತದೊಳಗೇ ಆರ್‌ಇಎಸ್ ಮತ್ತು ಎಚ್‌ಕೆಎಲ್ ಕಡತಗಳೆರಡನ್ನೂ ಸೇರಿಸಿಡುತ್ತದೆ. ‘ಶ್ರೆಡ್‌ಸಿಫ್’ ಎಂಬ ಪುಟ್ಟ ಪ್ರೋಗ್ರಾಮನ್ನು ಕಡತದ ಹೆಸರಿನೊಡನೆ ಕರೆದರೆ ಅವು ಬೇರ್ಪಟ್ಟು ಬರುತ್ತವೆ. ಆರ್‌ಇಎಸ್ ಅನ್ನು ಐಎನ್ಎಸ್ ಎಂದು ನಕಲುಮಾಡಿ ‘ಶೆಲ್ಎಕ್ಸ್ಎಲ್’ ಎಂದು ಬರೆದರೆ ಬೇರೆಯವರ ಗಣನೆಯನ್ನು ನಮ್ಮ ಮೇಜಿನ ಮೇಲೆಯೇ ಪುನಃ ನಡೆಸಬಹುದು. ಆದುದರಿಂದ ಹೊರಗಿನಿಂದ ಕಡತಗಳ ಕಟ್ಟು ಬಂದ ವಿದ್ಯಾರ್ಥಿಯು ಚಿತ್ರವನ್ನು ತೆರೆಯುವ ಮೊದಲು ಈ ಕೆಲಸವನ್ನು ಮಾಡಿ, ತನಗೆ ಬಂದ ಆರ್-1 ಕಳುಹಿಸಿದವರು ಬರೆದುದಕ್ಕೆ ಸಮನಾಗಿದೆಯೇ ಎಂದು ನೋಡಿ, ಎಲ್‌ಎಸ್‌ಟಿ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದತಕ್ಕದ್ದು. 2013ಕ್ಕಿಂತ ಹಿಂದಿನ ರಚನೆಗಳಲ್ಲಿ ಸಾಮಾನ್ಯವಾಗಿ ದತ್ತಾಂಶವು ಒಳಗೆ ಸೇರಿರುವುದಿಲ್ಲ. ಅಂತಹವು ಯಾರ ಬಳಿಯಲ್ಲಾದರೂ ಇದ್ದರೆ, ಅಳತೆ ನಡೆದ ಕೇಂದ್ರಕ್ಕೆ ಬರೆದು ಎಚ್‌ಕೆಎಲ್ ಕಡತವನ್ನು ತಡಮಾಡದೆ ತರಿಸಿಕೊಳ್ಳುವುದು ಲೇಸು.